ಕಾಮಗೆರೆಯಿಂದ ಒಡೆಯರಪಾಳ್ಯಕ್ಕೆ

ಕೊಳ್ಳೇಗಾಲದಿಂದ ಹನೂರು ಬಸ್ಸು ಹತ್ತಿ ಕಾಮಗೆರೆಯಲ್ಲಿ ಇಳಿದೆ. ಹೋಲಿ ಕ್ರಾಸ್ ಆಸ್ಪತ್ರೆಗೆ ಬಂದವರು, ಮಾದಪ್ಪನ ಬೆಟ್ಟಕ್ಕೆ ಹೊರಟವರು ಟೀ ಅಂಗಡಿ ಮುಂದೆ ಸೇರಿದ್ದರು. ಹಿಂದೆ ಎಸ್‌ಟಿಡಿ ಬೂತ್ ನಡೆಸುತ್ತಿದ್ದ ಹಿರಿಯರೊಬ್ಬರು ಅಲ್ಲೇ ಮಾತಿಗೆ ಸಿಕ್ಕರು.

"ಫಾರಿನ್‌ಗೆ ಹಚ್ಚುದ್ರೆ ಮೀಟರ್‌ನಲ್ಲಿ ಕೆಂಪು ಅಂಕಿ ಓಡೋದು ಸಾ. ಮಾತಾಡೋರ ಕಣ್ಣೆಲ್ಲ ಅಲ್ಲೇ. ಚೆಂದಾಗಿದ್ದೀಯಾ ಅಂದು, ಉತ್ತರ ಪೂರಾ ಕೇಳೋ ಮೊದ್ಲೇ ಇಟ್ಬುಡೋರು."

ಹಳ್ಳಿ ಮುಟ್ಟಲು ಹಿಡಿದಷ್ಟು ಕಾಲ ಸಮುದ್ರ ದಾಟಲು ಮಾತಿಗೆ ಹಿಡಿದಿರಲಿಲ್ಲ. 1870ರಲ್ಲೇ 'ಗ್ರೇಟ್ ಈಸ್ಟರ್ನ್' ಹಡಗು ಬೊಂಬಾಯಿಗೂ ಏಡನ್‌ಗೂ ನಡುವೆ ಕೇಬಲ್ ಹಾಸಿ, ಲಂಡನ್ನಿನ ತಂತಿ ನಮ್ಮ ದಡ ಮುಟ್ಟಿತ್ತು. ಆದರೆ ಅದರಲ್ಲಿ ಬರುತ್ತಿದ್ದದ್ದು ಸಂಕೇತ ಮಾತ್ರ. ದನಿಯನ್ನು ಹೊತ್ತು ಅಟ್ಲಾಂಟಿಕ್ ದಾಟಿದ ಮೊದಲ ಟೆಲಿಫೋನ್ ಕೇಬಲ್ ಶುರುವಾದದ್ದು 1956ರ ಸೆಪ್ಟೆಂಬರಿನಲ್ಲಿ, 36 ಚಾನೆಲ್‌ಗಳೊಂದಿಗೆ. ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿದ್ದೂ ಅದೇ ವರ್ಷ, ನವೆಂಬರಿನಲ್ಲಿ. 1971ರಲ್ಲಿ ಪುಣೆ ಬಳಿಯ ಆರ್ವಿಯ ಭೂಕೇಂದ್ರ ಉಪಗ್ರಹದ ಮೂಲಕ ಹೊರದೇಶಗಳಿಗೆ ದಾರಿ ತೆರೆಯಿತು. ಪೇಟೆಯಿಂದ ಹಳ್ಳಿಗಿದ್ದ ನಾಲ್ಕಾರು ಮೈಲಿ ಮಾತ್ರ ಹಾಗೇ ಉಳಿದಿತ್ತು. ಅದಕ್ಕೆ ಮದ್ದು ಸಿಕ್ಕಿದ್ದು ನಮ್ಮ ಕಿತ್ತೂರಿನಲ್ಲಿ. ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಎಂಜಿನಿಯರುಗಳು ರೂಪಿಸಿದ 128 ಲೈನುಗಳ ಗ್ರಾಮೀಣ ಎಕ್ಸ್‌ಚೇಂಜು 1986ರಲ್ಲಿ ಮೊದಲು ಕೂತದ್ದು ಅಲ್ಲಿ. ಎಸಿ ಬೇಡ, ಸೆಖೆಗೂ ಧೂಳಿಗೂ ಜಗ್ಗದು. ಆ ಪೆಟ್ಟಿಗೆ ನನ್ನ ಮಟ್ಟಿಗೆ ಗ್ರೇಟ್ ಈಸ್ಟರ್ನ್‌ಗಿಂತ ದೊಡ್ಡದು.

ಹನೂರು, ಲೊಕ್ಕನಹಳ್ಳಿ ದಾಟಿ ಒಡೆಯರಪಾಳ್ಯ ತಲುಪಿದಾಗ ಮಧ್ಯಾಹ್ನ ಇಳಿದಿತ್ತು. 1970ರ ದಶಕದಲ್ಲಿ ನೆಲೆಯಾದ ಟಿಬೆಟಿಯನ್ನರ ಕ್ಯಾಂಪು ಇದು. ದೂರದ ಕರೆಯ ಬೆಲೆ ಈ ಸೀಮೆಯಲ್ಲಿ ಇವರಿಗಿಂತ ಚೆನ್ನಾಗಿ ಬಲ್ಲವರಿಲ್ಲ: ಹುಟ್ಟಿದೂರು ಒಂದು ಕಡೆ, ಮನೆ ಇನ್ನೊಂದು ಕಡೆ, ಮಕ್ಕಳು ಮತ್ತೆಲ್ಲೋ.

ಮುಸುಕಿನ ಜೋಳದ ಹೊಲದ ಬದುವಿನಲ್ಲಿ ಅಜ್ಜಿಯೊಬ್ಬರು ಫೋನನ್ನು ಮುಖದೆದುರು ಹಿಡಿದು ನಿಂತಿದ್ದರು. ಟೊರಾಂಟೊದ ಮಗಳು. ಅಲ್ಲಿನ್ನೂ ಬೆಳಗಿನ ಆರೂವರೆ. ಟಿಬೆಟನ್ನಿನಲ್ಲಿ ಮಾತು ಸಾಗಿತ್ತು. ನಡುನಡುವೆ 'ಹಂದಿ', 'ಬೇಲಿ' ಎಂಬ ಕನ್ನಡ. ಫೋನನ್ನು ಹೊಲದತ್ತ ತಿರುಗಿಸಿ, ಕಾಡುಹಂದಿ ನುಗ್ಗಿ ಮುರಿದ ದಂಟುಗಳನ್ನು ಒಂದೊಂದಾಗಿ ತೋರಿಸಿದರು.

"ಎಷ್ಟು ಹೊತ್ತು ಮಾತಾಡ್ತೀರಮ್ಮ?" ಎಂದೆ.

"ಅವಳು ಕೆಲಸಕ್ಕೆ ಹೊರಡೋ ತನಕ," ಎಂದು, ಆಚೆ ಸಾಲಿನ ಬೇಲಿ ತೋರಿಸಲು ನಡೆದರು.