ಮೆಸೇಜಿಗೊಂದು ಮೇಲುತ್ತರ

ಫೋನಿಗೆ ಬಂದ ಮೆಸೇಜಿಗೆ ಫೋನಿನಲ್ಲೇ ಜವಾಬು ಕೊಡದೆ ಕಂಪ್ಯೂಟರ್ ಮುಂದೆ ಕೂತು ಇಮೇಲ್ ಬರೆಯುವವರದ್ದು ಒಂದು ಬೇರೆಯೇ ಜಾತಿ. ಅವರನ್ನು ಸೋಮಾರಿಗಳೆನ್ನುವಂತಿಲ್ಲ. 'ಆಯ್ತು' ಎಂದು ಒತ್ತಿದರೆ ಮುಗಿಯುವ ಕೆಲಸಕ್ಕೆ ವಿಷಯ ಬರೆದು, ವಂದನೆ ಹೇಳಿ, ಕೊನೆಗೆ ಹೆಸರು, ಹುದ್ದೆ, ವಿಳಾಸವನ್ನೆಲ್ಲ ಕೂರಿಸುವಷ್ಟು ಶ್ರಮಜೀವಿಗಳು. ನಮ್ಮ ದೊಡ್ಡಪ್ಪನ ಮಗ ಈ ಜಾತಿಯ ಮುಖಂಡ. ಅವನು ಬೆಂಗಳೂರಿನ ಕಂಪನಿಯೊಂದರಲ್ಲಿದ್ದ, ದೊಡ್ಡಪ್ಪ ಭೀಮಸಮುದ್ರದಲ್ಲಿ.

ಭೀಮಸಮುದ್ರ ಗೊತ್ತಿಲ್ಲದವರಿಗೆ ಒಂದು ಮಾತು. ಚಿತ್ರದುರ್ಗ ತಾಲ್ಲೂಕಿನ ಈ ಊರಿಗೆ ದೊಡ್ಡ ಕೆರೆಯಿದೆ, ಕೆರೆಗೆ ತಕ್ಕ ಅಡಿಕೆ ತೋಟಗಳಿವೆ, ತೋಟಕ್ಕೆ ತಕ್ಕ ಮಂಡಿಗಳಿವೆ. ಬಯಲುಸೀಮೆಯ ಅಡಿಕೆ ವ್ಯಾಪಾರದ ಮಾತು ಬಂದರೆ ಚನ್ನಗಿರಿಯ ಜೊತೆಗೆ ಇದರ ಹೆಸರೂ ಬರಬೇಕು. ದಾವಣಗೆರೆ ಕ್ಷೇತ್ರದಿಂದ ಲೋಕಸಭೆಗೆ ಹೋದ ಜಿ. ಮಲ್ಲಿಕಾರ್ಜುನಪ್ಪ, ಅವರ ಮಗ ಜಿ.ಎಂ. ಸಿದ್ದೇಶ್ವರ ಇಬ್ಬರೂ ಇದೇ ಊರಿನ ಅಡಿಕೆ ವ್ಯಾಪಾರದ ಮನೆಯವರು. ಅಡಿಕೆ ಬೆಲೆಯ ವಿಷಯದಲ್ಲಿ ಅಪ್ಪ-ಮಕ್ಕಳ ನಡುವೆ ಮಾತುಕತೆ ನಡೆಯುವುದು ಈ ಊರಿಗೆ ಹೊಸದೇನಲ್ಲ.

ಪತ್ರಿಕೆಯಲ್ಲಿ ಚಿತ್ರದುರ್ಗದ ಧಾರಣೆ ಅಂತ ಬರುವುದು ನಾಲ್ಕೇ ಸಾಲು: ಅಪಿ, ಬೆಟ್ಟೆ, ಕೆಂಪುಗೋಟು, ರಾಶಿ. ಅದನ್ನು ನೋಡಿದಷ್ಟಕ್ಕೆ ವ್ಯಾಪಾರ ಆಗುವುದಿಲ್ಲ. ಮಂಡಿಯಲ್ಲಿ ಚೀಲದ ಬಾಯಿ ಬಿಚ್ಚಿ ಬೊಗಸೆಯಷ್ಟು ತೆಗೆಯುತ್ತಾರೆ. ಅಂಗೈಯಲ್ಲಿ ಹರಡಿ, ಹೊಳಪು ನೋಡಿ, ಒಂದನ್ನು ಆರಿಸಿ ಅಡಕತ್ತರಿಯಲ್ಲಿ ಒಡೆಯುತ್ತಾರೆ. ಒಳಗಿನ ಬಣ್ಣಕ್ಕೆ, ಒಣಗಿದ್ದಕ್ಕೆ ತಕ್ಕಂತೆ ರೇಟು. ಆ ರೇಟು ನಾಳೆಗೂ ಇರುತ್ತದೆಂಬ ಭರವಸೆ ಯಾರೂ ಕೊಡುವುದಿಲ್ಲ. ಅಲ್ಲಿ ನಿಂತುಕೊಂಡೇ ದೊಡ್ಡಪ್ಪ ಮಗನಿಗೆ ಮೆಸೇಜ್ ಬಿಡುತ್ತಿದ್ದರು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ: ರಾಶಿ ಇಷ್ಟು, ಕೊಡ್ಲಾ, ಇಡ್ಲಾ? ಮನೆ ಸಾಲದ ಕಂತು ಮಗನದು, ಅಡಿಕೆ ಅಪ್ಪನದು, ಕೇಳದೆ ಕೊಡುವಂತಿಲ್ಲ.

ಮಗನ ಆಫೀಸಿನಲ್ಲಿ ಕೆಲಸದ ಹೊತ್ತಿಗೆ ಫೋನ್ ಲಾಕರಿನಲ್ಲಿಡಬೇಕಿತ್ತು. ಮಧ್ಯೆ ಎದ್ದು ಹೋಗಿ ಮೆಸೇಜ್ ನೋಡಿ ಬರಬಹುದು, ಅಲ್ಲೇ ನಿಂತು ಒತ್ತುತ್ತಾ ಕೂರುವಂತಿಲ್ಲ. ಆಗ ಅವನಿಗೊಂದು ಉಪಾಯ ಸಿಕ್ಕಿತು. ಮೊಬೈಲ್ ಸಂಖ್ಯೆಯ ಮುಂದೆ ಕಂಪನಿಯ ಬಾಲ ಸೇರಿಸಿ ಇಮೇಲ್ ಕಳಿಸಿದರೆ ಅದು ಎಸ್ಸೆಮ್ಮೆಸ್ಸಾಗಿ ಫೋನಿಗೆ ಹೋಗುವ ವ್ಯವಸ್ಥೆ ಆ ಕಾಲದಲ್ಲಿತ್ತು. ಇಂಟರ್ನೆಟ್ಟಿನಲ್ಲಿ ಓಡಾಡುತ್ತಿದ್ದ ಪಟ್ಟಿಗಳಲ್ಲಿ ಕರ್ನಾಟಕದ ಏರ್‌ಟೆಲ್ ಸಂಖ್ಯೆಗಳಿಗೆ 'ಏರ್‌ಟೆಲ್‌ಕೆಕೆ.ಕಾಮ್' ಎಂಬ ಬಾಲ ಇರುತ್ತಿತ್ತು. ಅಮೆರಿಕದಲ್ಲಂತೂ ಎಲ್ಲ ದೊಡ್ಡ ಕಂಪನಿಗಳಿಗೂ ಇಂಥ ಬಾಲಗಳಿದ್ದವು. ಫೋನಿನವರು ಮರಳಿ ಒತ್ತಿದ ಉತ್ತರವೂ ಇಮೇಲ್ ಪೆಟ್ಟಿಗೆಗೇ ಬಂದು ಬೀಳುತ್ತಿತ್ತು.

ಇಮೇಲಿಗೆ ಅಳತೆಯಿಲ್ಲ, ಎಸ್ಸೆಮ್ಮೆಸ್ಸಿಗೆ ಇದೆ. ಒಂದು ಮೆಸೇಜಿನ ಹೊಟ್ಟೆಯಲ್ಲಿ ಹಿಡಿಸುವುದು 140 ಬೈಟ್. ಇಂಗ್ಲಿಷ್ ಆದರೆ 160 ಅಕ್ಷರ, ಕನ್ನಡಕ್ಕೆ ಬರೀ 70. ಆ ಎಪ್ಪತ್ತರಲ್ಲೂ ಕೊಂಬು, ಗುಡಿಸು, ದೀರ್ಘ, ಒತ್ತು ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ಭೀಮಸಮುದ್ರ ಅಂತ ಬರೆದರೆ ನಮ್ಮ ಕಣ್ಣಿಗೆ ಐದು ಅಕ್ಷರ, ಯಂತ್ರದ ಖಾತೆಯಲ್ಲಿ ಒಂಬತ್ತು. ಊರಿನ ಹೆಸರಿಗೇ ಇಷ್ಟು ಖರ್ಚಾದರೆ ಊರಿನ ಸುದ್ದಿಗೆ ಉಳಿಯುವುದೆಷ್ಟು? ಅಂದಿನ ಅಗ್ಗದ ಫೋನುಗಳಲ್ಲಿ ಕನ್ನಡ ಬಂದರೂ ಸಾಲಾಗಿ ಡಬ್ಬಿಗಳು ಕಾಣುತ್ತಿದ್ದುದೇ ಹೆಚ್ಚು. ಹಾಗಾಗಿ ಮಗ ಬರೆದದ್ದೂ ಇಂಗ್ಲಿಷ್ ಅಕ್ಷರದ ಕನ್ನಡವೇ: ಈಗ ಬೇಡ, ಇಡಿ.

ಅಷ್ಟೇ ಹೋಗಿದ್ದರೆ ಈ ಪ್ರಬಂಧಕ್ಕೆ ಕೆಲಸವಿರಲಿಲ್ಲ. ಅವನ ಆಫೀಸಿನ ಮೇಲ್ ಯಂತ್ರ ಹೊರಗೆ ಹೋಗುವ ಪ್ರತಿ ಪತ್ರಕ್ಕೂ ತಾನಾಗಿಯೇ ಒಂದು ಉದ್ದದ ಎಚ್ಚರಿಕೆಯನ್ನು ಅಂಟಿಸುತ್ತಿತ್ತು. ಈ ಮಾಹಿತಿ ಗೋಪ್ಯವಾದದ್ದು, ಇದು ನಿಮಗಲ್ಲದಿದ್ದರೆ ಓದತಕ್ಕದ್ದಲ್ಲ, ಕೂಡಲೇ ಅಳಿಸಿಹಾಕತಕ್ಕದ್ದು, ತಪ್ಪಿದಲ್ಲಿ ಕಾನೂನು ಕ್ರಮ, ಹೀಗೆ. ಅದೆಲ್ಲ 160ರ ಲೆಕ್ಕದಲ್ಲಿ ತುಂಡಾಗಿ ಮಂಡಿಯ ಜಗಲಿಯಲ್ಲಿ ಕೂತಿದ್ದ ದೊಡ್ಡಪ್ಪನ ಫೋನಿಗೆ ಬಂತು, ಅದೂ ಹಿಂದುಮುಂದಾಗಿ. ಮೊದಲು ಕಾನೂನು ಕ್ರಮ, ಆಮೇಲೆ ಗೋಪ್ಯ. ಅವರ ಟಾರ್ಚ್ ಫೋನು ಕಿಣಿಕಿಣಿ ಎನ್ನುತ್ತಲೇ ಇತ್ತು. ಇಂಗ್ಲಿಷ್ ಓದಿಸಲು ಮಂಡಿಯ ಗುಮಾಸ್ತನ ಕೈಗೆ ಕೊಟ್ಟರು. ಆತ ಎರಡು ತುಂಡು ಓದಿ ಫೋನನ್ನು ಹಾಗೇ ಹಿಂದಕ್ಕೆ ಚಾಚಿದ.

"ಗೌಡ್ರೇ, ಇದೇನೋ ಗುಟ್ಟಿಂದಂತೆ. ನಾನು ಓದಿದ್ರೆ ಕೇಸಂತೆ. ನೀವೇ ಇಟ್ಕೊಳ್ಳಿ."

ಸಂಜೆ ಮಗನಿಗೆ ಫೋನು: "ಏನಪ್ಪಾ, ಕೊಡ್ಲಾ ಇಡ್ಲಾ ಅಂತ ಕೇಳಿದ್ರೆ ಕೋರ್ಟ್ ನೋಟಿಸ್ ಕಳಿಸ್ತೀಯಲ್ಲ! ಇಪ್ಪತ್ತು ಚೀಲ ಅಡಿಕೆ ಮುಂದಿಟ್ಕಂಡು ನಿಂತಿದ್ದೆ ಅಲ್ಲಿ." 'ಇಡಿ' ಎಂಬ ಉತ್ತರ ಆ ಹೊತ್ತಿಗೆ ತಲುಪಿತ್ತು, ಆದರೆ ತುಂಬಿದ ಇನ್‌ಬಾಕ್ಸಿನ ತಳದಲ್ಲಿತ್ತು. ಅಡಿಕೆ ಅಷ್ಟೊತ್ತಿಗೆ ತೂಕವಾಗಿ, ಪಟ್ಟಿ ಬರೆದು, ಲಾರಿ ಹತ್ತಿತ್ತು.

ಪ್ರಶ್ನೆ ಬಂದ ದಾರಿಯಲ್ಲೇ ಉತ್ತರವೂ ಹೋಗಬೇಕೆಂಬುದನ್ನು ಹಳೇ ಅಂಚೆಯವರು ಚೆನ್ನಾಗಿ ಅರಿತಿದ್ದರು. ರಿಪ್ಲೈ ಕಾರ್ಡ್ ಅಂತ ಜೋಡಿ ಕಾರ್ಡೊಂದಿತ್ತಲ್ಲ, ಅದರ ಒಂದು ಭಾಗದಲ್ಲಿ ಪ್ರಶ್ನೆ, ಇನ್ನೊಂದು ಭಾಗ ಖಾಲಿ. ಉತ್ತರ ಬರೆದು ಹರಿದು ಡಬ್ಬಕ್ಕೆ ಹಾಕಿದರಾಯಿತು, ಖರ್ಚೂ ಕೇಳಿದವರದೇ. ತಂತಿಗೂ ಮುಂಗಡವಾಗಿ ಉತ್ತರದ ಹಣ ಕಟ್ಟಬಹುದಿತ್ತು. ಆ ತಂತಿಯೂ 2013ರ ಜುಲೈಯಲ್ಲಿ ನಿಂತುಹೋಯಿತು.

ಇಮೇಲಿನಿಂದ ಎಸ್ಸೆಮ್ಮೆಸ್ಸಿಗೆ ಹಾಕಿದ ಸೇತುವೆಯ ಕಥೆಯೂ ಹೆಚ್ಚುಕಡಿಮೆ ಮುಗಿದಂತೆಯೇ. ಕಾಸಿಲ್ಲದ ದಾರಿಯಲ್ಲಿ ಕಳ್ಳರೇ ಹೆಚ್ಚು ಓಡಾಡತೊಡಗಿದರು. ಅಮೆರಿಕದ ಎಟಿ ಅಂಡ್ ಟಿ 2025ರ ಜೂನ್ 17ಕ್ಕೆ ಈ ಸೇವೆಯನ್ನು ಎರಡೂ ದಿಕ್ಕಿನಲ್ಲಿ ಮುಚ್ಚಿತು. ಗೂಗಲ್ ವಾಯ್ಸ್ ಇಟ್ಟುಕೊಂಡ ಅಲ್ಲಿನ ನಮ್ಮವರು ಈಗಲೂ ಮೆಸೇಜಿಗೆ ಜೀಮೇಲಿನಿಂದ ಉತ್ತರಿಸಬಲ್ಲರು; ಭೀಮಸಮುದ್ರದವರೆಗೆ ಮಾತ್ರ ಅದರ ಕೈ ಚಾಚುವುದಿಲ್ಲ. ನಮ್ಮಲ್ಲಿ ಈಗ ಇದಕ್ಕೆ ತಿರುಗುಮುರುಗಾದ ಕಾಟ. ಬ್ಯಾಂಕಿನಿಂದ, ಸರ್ಕಾರದಿಂದ ಬರುವ ಮೆಸೇಜಿನ ತಲೆಮೇಲೆ ಸಂಖ್ಯೆಯೇ ಇಲ್ಲ, ತುಂಡು ಮಾಡಿದ ಹೆಸರು, ಕೊನೆಗೊಂದು ಬಾಲಾಕ್ಷರ. ಅವರು ಹೇಳಬಹುದು, ನಾವು ಮರಳಿ ಕೇಳುವಂತಿಲ್ಲ. 'ಇಮೇಲ್ ಮಾಡಿ' ಅನ್ನುತ್ತಾರೆ. ದೊಡ್ಡಪ್ಪನ ವಯಸ್ಸಿನವರು ಇಮೇಲ್ ಎಲ್ಲಿಂದ ತರಬೇಕು?

ಇಮೇಲಿನ ಮೇಲೆ ನನಗೇನೂ ದ್ವೇಷವಿಲ್ಲ. ವರ್ಷದ ಲೆಕ್ಕ, ಮಂಡಿಯ ಪಟ್ಟಿ, ಖೇಣಿಯ ಕರಾರು, ಇವೆಲ್ಲ ಮೇಲಿನಲ್ಲೇ ಇರಲಿ. ನಾಳೆ ತಕರಾರಾದರೆ ತೆಗೆದು ತೋರಿಸಬಹುದು. ಅವಸರದ ಪ್ರಶ್ನೆ ಮಾತ್ರ ಬಂದ ದಾರಿಯಲ್ಲೇ ಉತ್ತರ ಕಾಯುತ್ತಿರುತ್ತದೆ. ಹೊಸ ಅಡಿಕೆ ಮಂಡಿಗೆ ಬರುವ ದಿನಗಳಲ್ಲಿ ಊರಿನ ಹಿರಿಯರಿಂದ ನಿಮಗೊಂದು 'ಕೊಡ್ಲಾ, ಇಡ್ಲಾ' ಬಂದರೆ ದಯವಿಟ್ಟು ಅಲ್ಲೇ ಒಂದು ಮಾತು ಒತ್ತಿಬಿಡಿ. ವಂದನೆ ಬೇಡ, ಹುದ್ದೆ ಬೇಡ. ಕೊಡಿ ಅನ್ನಿ, ಇಲ್ಲವೇ ಇಡಿ ಅನ್ನಿ.