ಎರಡು ಲೋಲಕ, ಒಂದು ಪರದೆ

ಬೋಧನಾಭ್ಯಾಸದ ಮೂರನೇ ವಾರ, ಏಳನೇ ತರಗತಿಗೆ ಸರಳ ಲೋಲಕದ ಪಾಠ. 100 ಸೆಂ.ಮೀ. ಲೋಲಕ ಒಮ್ಮೆ ಹೋಗಿ ಬರುವಷ್ಟರಲ್ಲಿ 25 ಸೆಂ.ಮೀ. ಲೋಲಕ ಎರಡು ಬಾರಿ ಹೋಗಿ ಬರುತ್ತದೆಂದು ತೋರಿಸಬೇಕಿತ್ತು. ಎರಡನ್ನೂ ಬೇರೆ ಬೇರೆಯಾಗಿ ಮೊಬೈಲಿನಲ್ಲಿ ಚಿತ್ರಿಸಿ, ಎಡಿಟಿಂಗ್ ತಂತ್ರಾಂಶದಲ್ಲಿ ಒಂದರ ಮೇಲೊಂದು ಇಟ್ಟೆ. ಮೊದಲು ಎರಡರ ಅಪಾರದರ್ಶಕತೆಯನ್ನೂ ಶೇ. 50ಕ್ಕೆ ಇಳಿಸಿದೆ, ಹಿಂದಿನ ಕಪ್ಪು ಸೇರಿ ಚಿತ್ರ ಮಂಕಾಯಿತು. ಕೆಳಗಿನದನ್ನು 100ರಲ್ಲೇ ಬಿಟ್ಟು ಮೇಲಿನದನ್ನಷ್ಟೇ ಇಳಿಸಿದಾಗ ಎರಡೂ ಸಮನಾಗಿ ಕಂಡವು.

ಆದರೆ ಗಿಡ್ಡ ಲೋಲಕ ಸ್ವಲ್ಪ ಸ್ವಲ್ಪವೇ ಹಿಂದೆ ಬೀಳುತ್ತಿತ್ತು. ಬೆಳಗಾದರೆ ಪಾಠ. ಅದರ ತುಣುಕಿನ ವೇಗವನ್ನು ಶೇ. 103ಕ್ಕೆ ಏರಿಸಿದೆ. ಹೊಂದಿಕೊಂಡಿತು.

ತರಗತಿಯಲ್ಲಿ ಮಕ್ಕಳು ಕಣ್ಣರಳಿಸಿ ನೋಡಿದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ, "ಮಿಸ್, ನಾವು ಮಾಡಿದ್ರೂ ಹೀಗೇ ಬರುತ್ತಾ?" ಅಂದಳು. ವೀಕ್ಷಣೆಗೆ ಕುಳಿತಿದ್ದ ಮಾರ್ಗದರ್ಶಕರು ತಲೆಯೆತ್ತಿದರು. ನನಗೆ ಹೌದೆನ್ನಲು ಆಗಲಿಲ್ಲ. "ಒಂದರ ವೇಗ ನಾನೇ ಹೆಚ್ಚಿಸಿದ್ದೀನಿ" ಎಂದು ಒಪ್ಪಿಕೊಂಡೆ.

ಲೋಲಕಗಳನ್ನು ತರಿಸಿ ಅಲ್ಲೇ ಕಟ್ಟಿದೆವು. ತಪ್ಪು ಆಗ ಸಿಕ್ಕಿತು: ನಾನು ಗುಂಡಿನ ಮೇಲಿನ ಗಂಟಿನವರೆಗೆ ಮಾತ್ರ ಅಳೆದಿದ್ದೆ, ಅಳೆಯಬೇಕಿದ್ದುದು ಗುಂಡಿನ ನಡುವಿನವರೆಗೆ. ಸರಿಪಡಿಸಿದ ಮೇಲೆ ಮಕ್ಕಳೇ ಎಣಿಸಿದರು. ಉದ್ದನೆಯದರ ಹತ್ತು ಆಂದೋಲನಗಳಿಗೆ ಸುಮಾರು 20 ಸೆಕೆಂಡು, ಗಿಡ್ಡದ್ದಕ್ಕೆ ಸುಮಾರು 10.

ಪಾಠಯೋಜನೆಯ ಅರ್ಧ ಉಳಿದುಹೋಯಿತು. "ಉಳಿದದ್ದು ನಾಳೆ ಮಾಡಿ" ಎಂದಷ್ಟೇ ಹೇಳಿ ಮಾರ್ಗದರ್ಶಕರು ಸಹಿ ಹಾಕಿದರು. ಈಗಲೂ ತುಣುಕುಗಳನ್ನು ಒಂದರ ಮೇಲೊಂದು ಇಡುತ್ತೇನೆ, ಎರಡರ ಆರಂಭ ಹೊಂದಿಸುತ್ತೇನೆ. ವೇಗವನ್ನು ಮಾತ್ರ ಮುಟ್ಟುವುದಿಲ್ಲ.