ಅಪ್ಪಯ್ಯ ಬಸ್ಸಿಗೆ ಬಂದ ಕಥೆ

ಆಗುಂಬೆ ಘಾಟಿಯಲ್ಲಿ ಮಿನಿ ಬಸ್ಸಿನ ಹಿಂದೆ ಸಿಕ್ಕಿಹಾಕಿಕೊಂಡವರು ಅದನ್ನ ಒಂದ್ಸಲವಾದ್ರೂ ಬೈದೇ ಇರ್ತೀರಿ. ನಾನಂತೂ ಬೇಕಾದಷ್ಟು ಬೈದಿದ್ದೀನಿ. ಆದ್ರೆ 2017ರ ಜುಲೈನಲ್ಲಿ ಒಂದು ದಿನ ಹದಿನಾಲ್ಕೂ ತಿರುವು ಬಾಯಿ ಮುಚ್ಚಿಕೊಂಡು ಬಸ್ಸಿನ ಹಿಂದೆಯೇ ಹತ್ತಿದೆ. ಯಾಕಂದ್ರೆ ಬಸ್ಸಿನೊಳಗೆ ಅಪ್ಪಯ್ಯ, ಅಮ್ಮ ಇದ್ರು. ಅವರನ್ನ ಮಣಿಪಾಲದಿಂದ ಕರ್ಕೊಂಡು ಬರೋಕೆ ಅಂತಲೇ ಹೋಗಿದ್ದ ನನ್ನ ಕಾರಿನ ಹಿಂದಿನ ಸೀಟು ಖಾಲಿ!

ಕಾರಿನ ಹುಚ್ಚು ನನಗೆ ಹತ್ತಿದ್ದು ಕಾಲೇಜಿನಲ್ಲಿ. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಶಿಪ್ಪಿನ ಸುತ್ತು ನಡೆಯುತ್ತಲ್ಲ, ಅದನ್ನ ನೋಡೋಕೆ ಕೊಪ್ಪದಿಂದ ನಾವು ನಾಲ್ಕು ಜನ ಬೆಳಗಿನ ಬಸ್ಸಿಗೆ ಹೋಗಿದ್ವಿ. ತೋಟದ ಬೇಲಿ ಪಕ್ಕ ಕಾಲಿಗೆ ಇಂಬಳ ಹತ್ತಿಸಿಕೊಂಡು ನಿಂತಿದ್ದಾಗ ಮಿತ್ಸುಬಿಷಿ ಸೀಡಿಯಾ ಒಂದು ಕೆಂಪು ಮಣ್ಣು ಎರಚಿಕೊಂಡು ಅಡ್ಡಡ್ಡವಾಗಿ ತಿರುವು ದಾಟಿ ಹೋಯ್ತು. ಆ ಸದ್ದು ಎಷ್ಟೋ ದಿನ ಕಿವೀಲಿತ್ತು.

ಟಾಮಿ ಮಾಕಿನೆನ್ 1996ರಿಂದ 1999ರವರೆಗೆ ಸತತ ನಾಲ್ಕು ವರ್ಷ ವಿಶ್ವ ರ‍್ಯಾಲಿ ಚಾಂಪಿಯನ್ ಆದದ್ದು ಲ್ಯಾನ್ಸರ್ ಎವಲ್ಯೂಷನ್‌ನಲ್ಲಿ. ನಮ್ಮಂಥವರಿಗೆ ಅದು ಪೋಸ್ಟರಿನಲ್ಲಷ್ಟೇ. ಹಳೇ ಜಪಾನಿ ಕಾರನ್ನ ತರಿಸ್ತೀನಿ ಅಂದ್ರೆ ಅದು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಮೇಲಿಂದ ಕಾರಿನ ಬೆಲೆಯನ್ನೇ ಮೀರಿಸೋ ಸುಂಕ. ಹಾಗಾಗಿ ನಮ್ಮ ದೇಶದ ಬಡಪಾಯಿ ಹುಚ್ಚರಿಗೆಲ್ಲ ಅದರ ತಮ್ಮನಂಥ ಸೀಡಿಯಾನೇ ಗತಿ. 2006ರಲ್ಲಿ ಬಂದದ್ದು, ಹಿಂದೂಸ್ತಾನ್ ಮೋಟಾರ್ಸ್‌ನವರು ಚೆನ್ನೈ ಹತ್ತಿರದ ತಿರುವಳ್ಳೂರಿನಲ್ಲಿ ಜೋಡಿಸ್ತಿದ್ರು. ಎರಡು ಲೀಟರ್ ಎಂಜಿನ್, 115 ಕುದುರೆ. 2014ರಲ್ಲಿ ಬೆಂಗಳೂರಿನಲ್ಲಿ ನಾನು ಕೊಂಡದ್ದು 2008ರ ಮಾಡೆಲ್ಲು, ಸೆಕೆಂಡ್ ಹ್ಯಾಂಡ್. ಅಮ್ಮನಿಗೆ ಹೇಳಿದ ಬೆಲೆ ಬೇರೆ, ಕೊಟ್ಟ ಬೆಲೆ ಬೇರೆ :-)

ವಾರವೆಲ್ಲ ಆಫೀಸಿಗೆ, ತಿಂಗಳಿಗೊಮ್ಮೆ ಊರಿಗೆ, ವರ್ಷಕ್ಕೆ ಎರಡು ಸಲ ಚೆನ್ನೈ ಹತ್ತಿರದ ಇರುಂಗಾಟುಕೋಟೈ ರೇಸ್ ಟ್ರ್ಯಾಕಿಗೆ. ಬೆಂಗಳೂರಿನಿಂದ ಪಶ್ಚಿಮಕ್ಕೆ 300 ಚಿಲ್ಲರೆ ಕಿಲೋಮೀಟರ್ ಹೋದ್ರೆ ಮನೆ, ಪೂರ್ವಕ್ಕೆ ಹೆಚ್ಚೂಕಮ್ಮಿ ಅಷ್ಟೇ ಹೋದ್ರೆ ಟ್ರ್ಯಾಕು. ಒಂದೇ ಕಾರು ಎರಡೂ ಕಡೆ ಓಡಬೇಕು, ಅದೇ ಹಟ.

2016ರಲ್ಲಿ ಸಂಬಳ ಸ್ವಲ್ಪ ಜಾಸ್ತಿಯಾಯ್ತು, ಬುದ್ಧಿ ಸ್ವಲ್ಪ ಕಮ್ಮಿಯಾಯ್ತು. ಕಾಯ್ಲೋವರ್ ಹಾಕಿಸಿದೆ. ಅಂದ್ರೆ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಒಟ್ಟಿಗೇ ಇರೋ, ಉಂಗುರ ತಿರುಗಿಸಿ ಕಾರಿನ ಎತ್ತರ ಬದಲಾಯಿಸೋ ಸೆಟ್ಟು. ಒಂದೂವರೆ ಇಂಚು ಇಳಿಸಿ ಗಟ್ಟಿ ಸ್ಪ್ರಿಂಗು ಹಾಕಿದ ಮೇಲೆ ಟ್ರ್ಯಾಕಿನಲ್ಲಿ ಕಾರು ಬೇರೆಯೇ ಆಯ್ತು ನೋಡಿ. ತಿರುವಿನಲ್ಲಿ ಮೈ ವಾಲೋದು ನಿಂತು ಸ್ಟೇರಿಂಗ್ ಹೇಳಿದ ಕಡೆ ಮೂಗು ಹೋಗ್ತಿತ್ತು. ಜೊತೆಗೆ ಟ್ರ್ಯಾಕಿನ ಬ್ರೇಕ್ ಪ್ಯಾಡು. ಇವು ಕಾದರೆ ಮಾತ್ರ ಕಚ್ಚುತ್ತವೆ. ಮಳೆಗಾಲದ ಬೆಳಗ್ಗೆ ಮನೆಯಿಂದ ಹೊರಟು ಮೊದಲನೇ ಇಳಿಜಾರಿನಲ್ಲಿ ಕಾಲಿಟ್ರೆ ಏನೂ ಆಗಲ್ಲ, ಎರಡನೇ ಸಲಕ್ಕೆ ಸ್ವಲ್ಪ, ಮೂರನೇ ಸಲಕ್ಕೆ ದೇವರು ಕಾಣಿಸಿದ ಮೇಲೆ ಪೂರ್ತಿ. ಬಾನೆಟ್ಟಿನ ಕೆಳಗೆ ತೆರೆದ ಏರ್ ಫಿಲ್ಟರ್ ಬೇರೆ. ಅದು ನಮ್ಮೂರಿನ ಮಳೆಯಲ್ಲಿ ಗಾಳಿ ಜೊತೆ ನೀರನ್ನೂ ಕುಡಿಯೋಕೆ ನೋಡ್ತಿತ್ತು. ಇದೊಂದನ್ನ ಬೇಗ ಬಿಚ್ಚಿಸಿದೆ. ಎಂಜಿನ್ನಿಗೆ ನೀರು ಹೋದ್ರೆ ಕನೆಕ್ಟಿಂಗ್ ರಾಡೇ ಬಗ್ಗುತ್ತೆ, ಅಷ್ಟು ಭಯ ಇತ್ತು. ಹಿಂದೆ ಕೂರೋರ ಬಗ್ಗೆ ಮಾತ್ರ ಯೋಚನೆಯೇ ಬಂದಿರಲಿಲ್ಲ.

ಅಪ್ಪಯ್ಯನಿಗೆ ಹರ್ನಿಯಾ ಆಪರೇಷನ್ ಆಗಿ ಮನೆಗೆ ಕಳಿಸಿದ ದಿನ ನಾನು ಹೆಮ್ಮೆಯಿಂದ ಕಾರು ತಗೊಂಡು ಹೋದೆ. ಮಣಿಪಾಲ ಬಿಟ್ಟು ಹೆಬ್ರಿವರೆಗೂ ಅಪ್ಪಯ್ಯ ಮಾತೇ ಆಡಲಿಲ್ಲ. ಗಟ್ಟಿ ಸ್ಪ್ರಿಂಗಿನ ಗುಣ ಏನಪ್ಪಾ ಅಂದ್ರೆ, ಗುಂಡಿ ಸಿಕ್ಕಾಗ ಚಕ್ರ ಮೇಲೆ ಹೋಗಿ ಏಟನ್ನ ನುಂಗಿಕೊಳ್ಳೋದಿಲ್ಲ, ಪೂರ್ತಿ ಕಾರೇ ಎಗರುತ್ತೆ. ಕನ್ನಡೀಲಿ ನೋಡಿದೆ. ಒಂದು ಕೈಯಲ್ಲಿ ಮೇಲಿನ ಹಿಡಿ, ಇನ್ನೊಂದು ಕೈ ಪಂಚೆಯ ಮೇಲೆ ಹೊಟ್ಟೆ ಒತ್ತಿ ಹಿಡಿದುಕೊಂಡಿತ್ತು. ಪ್ರತಿ ಗುಂಡಿಗೂ ಕಣ್ಣು ಮುಚ್ಚೋರು. ಇಪ್ಪತ್ತರಲ್ಲಿ ಓಡಿಸಿದೆ, ಹತ್ತರಲ್ಲಿ ಓಡಿಸಿದೆ. ಉಹೂಂ.

ಸೋಮೇಶ್ವರದಲ್ಲಿ ಕಾಫಿಗೆ ನಿಲ್ಲಿಸಿದೆ. ಅಪ್ಪಯ್ಯ ಮೆಲ್ಲಗೆ ಇಳಿದು, ಅಲ್ಲಿ ನಿಂತಿದ್ದ ಶೃಂಗೇರಿ ಮಿನಿ ಬಸ್ಸು ನೋಡಿದ್ರು. "ನಾನು ಬಸ್ಸಿಗೆ ಬರ್ತೀನಿ ಮಾರಾಯ. ನೀನು ಬೇಜಾರು ಮಾಡ್ಕೋಬೇಡ" ಅಂದ್ರು. ಸಿಟ್ಟಿನಲ್ಲಿ ಬೈದಿದ್ರೆ ನಾನೂ ಏನಾದ್ರೂ ಹೇಳ್ತಿದ್ನೇನೋ. ಅವರು ನನಗೇ ಸಮಾಧಾನ ಮಾಡೋ ಹಾಗೆ ಹೇಳಿದ್ರು ನೋಡಿ, ಬಾಯಿ ಬರಲಿಲ್ಲ. ಕಂಡಕ್ಟರ್ ಕೈ ಹಿಡಿದು ಹತ್ತಿಸಿಕೊಂಡು ಮುಂದಿನ ಸೀಟು ಕೊಟ್ರು.

ಹಾಗೆ ಶುರುವಾದ ಮೆರವಣಿಗೆ ಆಗುಂಬೆ ಹತ್ತಿ, ಬೇಗಾರಿನ ಮೇಲೆ ಶೃಂಗೇರಿವರೆಗೂ ನಡೀತು. ಶೃಂಗೇರಿಯಲ್ಲಿ "ಇನ್ನು ಸ್ವಲ್ಪ ದೂರ ತಾನೇ" ಅಂತ ಡೋರು ತೆಗೆದೆ. ಅಪ್ಪಯ್ಯ ಕೊಪ್ಪದ ಬಸ್ಸು ಹತ್ತಿದ್ರು. ರಸ್ತೆಯಿಂದ ಮನೆವರೆಗಿನ ಮಣ್ಣು ದಾರಿಗೆ ಪಕ್ಕದ ಮನೆಯವರ ಹಳೇ ಜೀಪು ಬಂತು. ನನ್ನ ಕಾರು ದಣಪೆಯ ಹತ್ತಿರ ಹೊಟ್ಟೆ ಉಜ್ಜಿಕೊಂಡು ನಿಂತಿತು.

ಆಮೇಲೆ ಚಿಕ್ಕಮಗಳೂರಿನಲ್ಲಿ, ರ‍್ಯಾಲಿ ಕಾರುಗಳ ಕೆಲಸ ಮಾಡೋ ಮೆಕ್ಯಾನಿಕ್ಕಿಗೆ ಕಾರು ತೋರಿಸಿದೆ. ಆತ ಬಗ್ಗಿ ನೋಡಿ ನಕ್ಕ. "ನಿಮ್ಮೂರ ರಸ್ತೇನೇ ರ‍್ಯಾಲಿ ಸ್ಟೇಜು ಇದ್ದಂಗೆ ಸಾರ್. ನೀವು ಕನ್ನಡಿ ಮೇಲೆ ಓಡ್ಸೋ ಗಾಡಿ ಮಾಡ್ಕೊಂಡಿದೀರಲ್ಲ!" ನಾನು ಬೇಲಿ ಪಕ್ಕ ನಿಂತು ನೋಡಿದ ಸೀಡಿಯಾ ಇಳಿಸಿದ ಕಾರಾಗಿರಲಿಲ್ಲ, ಏರಿಸಿದ್ದು. ಮಣ್ಣಿನಲ್ಲಿ ಓಡೋ ಕಾರಿಗೆ ಚಕ್ರ ಉದ್ದಕ್ಕೆ ಮೇಲೆ ಕೆಳಗೆ ಆಡಬೇಕು, ಆಗಲೇ ಟೈರು ನೆಲ ಬಿಡೋದಿಲ್ಲ. ಕಣ್ಣೆದುರೇ ಹೋದದ್ದನ್ನ ನಾನು ಸದ್ದಿನಲ್ಲಿ ಮರೆತಿದ್ದೆ.

ಹಳೇ ಶಾಕ್ ಅಬ್ಸಾರ್ಬರ್ ವಾಪಸ್ ಹಾಕೋಣ ಅಂದ್ರೆ ಅವನ್ನ ಗುಜರಿಗೆ ಕೊಟ್ಟಾಗಿತ್ತು. ಕಂಪನಿ ಸೀಡಿಯಾ ಮಾಡೋದನ್ನೇ ನಿಲ್ಲಿಸಿತ್ತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಮೂರು ಶನಿವಾರ ಅಲೆದು, ಕೊನೆಗೆ ಅಪಘಾತವಾದ ಒಂದು ಸೀಡಿಯಾದಿಂದ ಬಿಚ್ಚಿದ ಸೆಟ್ಟು ಸಿಕ್ತು. ನನ್ನದೂ ನಿಮ್ಮ ಥರದ್ದೇ ಹುಚ್ಚಾದ್ರೆ ಒಂದು ಮಾತು: ಬಿಚ್ಚಿದ್ದನ್ನ ಎಸೀಬೇಡಿ, ಅಟ್ಟದ ಮೇಲಿಡಿ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಕಂಪನಿಯ ಮೂಲ ವಿನ್ಯಾಸ ಬದಲಾಗೋ ಹಾಗೆ ಗಾಡಿ ಮಾರ್ಪಡಿಸೋ ಹಾಗಿಲ್ಲ ಅಂತ ಹೇಳಿದೆ. 2023ರಲ್ಲಿ ಹದಿನೈದು ವರ್ಷ ತುಂಬಿ ಆರ್.ಸಿ. ನವೀಕರಣಕ್ಕೆ ಗಾಡಿ ತೋರಿಸೋಕೆ ಹೋದಾಗ ನನ್ನ ಕಾರು ಸಾಧು ಹಸುವಿನ ಹಾಗೆ ನಿಂತಿತ್ತು. ಈಗ ಟ್ರ್ಯಾಕಿಗೆ ಹೋಗೋ ಮೊದಲು ಪ್ಯಾಡು, ಟೈರು ಬದಲಾಯಿಸ್ತೀನಿ, ಅಷ್ಟೇ. ಒಂದು ಸುತ್ತಿಗೆ ನಾಲ್ಕು ಸೆಕೆಂಡು ನಿಧಾನ. ಹೊಟ್ಟೆ ಉರಿಯಲ್ಲ ಅಂದ್ರೆ ಸುಳ್ಳು.

ಮೊನ್ನೆ ನರಸಿಂಹರಾಜಪುರದಲ್ಲಿ ಅಕ್ಕನ ಮನೆ ಗೃಹಪ್ರವೇಶ. ಅಪ್ಪಯ್ಯ ಕೊಪ್ಪದಿಂದ ಅಲ್ಲೀವರೆಗೂ ಹಿಂದಿನ ಸೀಟಿನಲ್ಲೇ ಬಂದ್ರು. ಅರ್ಧ ದಾರೀಲಿ ಒಂದು ದೊಡ್ಡ ಗುಂಡಿ ತಪ್ಪಿಸೋಕೆ ಆಗಲಿಲ್ಲ. ಕನ್ನಡಿ ನೋಡಿದೆ. ಕವಳ ಜಗಿಯುತ್ತಾ ಹೊರಗೆ ಯಾರದ್ದೋ ಅಡಿಕೆ ತೋಟ ನೋಡ್ತಿದ್ರು.

"ಹೇಗಿದೆ ಅಪ್ಪಯ್ಯ ಈಗ?" ಅಂದೆ.

"ಅಡ್ಡಿಲ್ಲ" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ಆ ಸೋಮೇಶ್ವರದ ಬಸ್ಸಿನಷ್ಟು ಬರಲ್ಲ ಬಿಡು."